ತಕ್ಕಡಿಗೆ ಗೊತ್ತಾಗದು

ಎಲ್ಕಿ ಕಣಿವೆಯ ಸಹಕಾರ ಸಂಘದಲ್ಲಿ
ಅಪ್ಪ ದ್ರಾಕ್ಷಿ ತೂಗುತ್ತಿದ್ದ.
ವರ್ಷಕ್ಕೊಮ್ಮೆ ಸಾಂತಿಯಾಗೊದಿಂದ ತಪಾಸಣೆಯವ ಬರುತ್ತಿದ್ದ,
ಮಖಮಲ್ಲಿನ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಬಟ್ಟುಗಳನ್ನು
ಕೂಸುಗಳಂತೆ ಮಲಗಿಸಿಕೊಂಡು.
ನಮ್ಮ ಬಟ್ಟಿನೆದುರು ತನ್ನದನ್ನಿಟ್ಟು
ಮೂಗು ಮುಳ್ಳಿಗೆ ತಾಗುವಷ್ಟು ಬಗ್ಗುತ್ತಿದ್ದ.
ನಿನ್ನದನ್ನು ಯಾರು ತೂಗುತ್ತಾರೆ? ಎಂದೆ. ಆಗ ನನಗೆ ಎಂಟು.
ಅಪ್ಪ ಕಣ್ಣು ಬಿಟ್ಟ.
ತಪಾಸಣೆಯವ ನಗಲಿಲ್ಲ.

ಈಗ ನಾನು, ನೋಲ್ಫಾ ಅರಾಯಾ,
ಬೆಟ್ಟದ ಮೇಲಿನ ದೂರದರ್ಶಕಕ್ಕೆ ಹತ್ತೊಂಬತ್ತು ವರ್ಷದಿಂದ ರಾತ್ರಿಪಾಳಿಯವಳು.
ಗುಮ್ಮಟ ತೆರೆಯುವುದು, ಗಾಳಿಯ ವೇಗ ಬರೆದಿಡುವುದು,
ದೊಡ್ಡ ಓದಿನವರು ತೂಕಡಿಸಿದರೆ ಕಾಫಿ ಕಾಸುವುದು.

ಈ ಸಲ ಬಂದವನು ಅನ್ಸೆಲ್ಮೊ. ವಾಲ್ಪರೈಸೊದವನು,
ಕಡಲ ಮಂಜು ಇನ್ನೂ ಗಂಟಲಲ್ಲೇ ಇದೆ.
ಬ್ರಹ್ಮಾಂಡ ಹಿಗ್ಗುವ ವೇಗ ಹೆಚ್ಚುತ್ತಿದೆ, ಒಪ್ಪಿದೆ, ಎನ್ನುತ್ತಾನೆ;
ಅಷ್ಟಕ್ಕೇ ಲೆಕ್ಕದ ಪುಸ್ತಕದಲ್ಲಿ
ಮುಖವಿಲ್ಲದ ಗಿರಾಕಿಗೊಂದು ಖಾತೆ ಯಾಕೆ ತೆರೆಯಬೇಕು?
ಕಾಣದ ಶಕ್ತಿ ಬೇಡ ನೋಲ್ಫಾ,
ಗುರುತ್ವದ ನಿಯಮವನ್ನೇ ಕೂದಲೆಳೆಯಷ್ಟು ತಿದ್ದಿದರೆ ಸಾಕು.
ಒಂಬತ್ತು ವರ್ಷದಿಂದ ಆ ಒಂದು ಕೂದಲನ್ನೇ ಬಾಚುತ್ತಿದ್ದಾನೆ.

ಅವನ ಗುರುತ್ವ ಗೋಸುಂಬೆ.
ಸೂರ್ಯನ ಪಕ್ಕ, ಬಂಡೆಯ ಪಕ್ಕ, ಸಂತೆಯ ಪಕ್ಕ
ಹಳೇ ಬಣ್ಣದಲ್ಲೇ ಸಾಧುವಾಗಿ ಕೂತಿರುತ್ತದೆ;
ಗೆಲಾಕ್ಸಿಗಳ ನಡುವೆ, ಯಾರೂ ಉಳದ ಬೀಳುನೆಲದಲ್ಲಿ
ನಿಜಬಣ್ಣ ಬಿಡುತ್ತದೆ.
ಅಲ್ಲಿಗೆ ತಕ್ಕಡಿ ಹೊತ್ತು ಹೋಗುವವರಾರು?
ಆ ಹಾದಿಯಲ್ಲಿ ಓಡಾಡುವುದು ಬೆಳಕೊಂದೇ.

ಬೆಳಕಿಗೂ ಒಂದು ಬಟ್ಟಿದೆ: ಶ್ವೇತಕುಬ್ಜ.
ಜೊತೆಯವನ ತಟ್ಟೆಯಿಂದ ಕದ್ದು ಕದ್ದು ತಿಂದು
ತಾಳಲಾರದ ಭಾರ ಮುಟ್ಟಿದ ಕ್ಷಣ ಸಿಡಿಯುತ್ತದೆ.
ಎಲ್ಲವೂ ಹೆಚ್ಚುಕಡಿಮೆ ಅದೇ ಭಾರಕ್ಕೆ, ಅದೇ ಬೆಳಕಿಗೆ.
ಮಂಕಾಗಿ ಕಂಡಷ್ಟೂ ದೂರ.

ಮೂರನೆಯ ರಾತ್ರಿ ಕೇಳಿದೆ:
ತಾಳಲಾರದ ಭಾರ ಇಷ್ಟೆಂದು ಗೊತ್ತುಮಾಡುವುದು ಯಾರು?
ಅನ್ಸೆಲ್ಮೊ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.
ಗುರುತ್ವವೇ, ಎಂದ.

ಹಾಗಾದರೆ ಅಲ್ಲಿ ಸೆಳೆತ ತುಸು ಹೆಚ್ಚಿದ್ದರೆ
ನಕ್ಷತ್ರ ಅರೆಹೊಟ್ಟೆಯಲ್ಲೇ ಸಿಡಿದೀತು.
ಬಟ್ಟೇ ಬೇರೆಯಾದೀತು.
ತಕ್ಕಡಿಯ ಎರಡು ತಟ್ಟೆಗೂ ಒಂದೇ ಸೆಳೆತ, ಮಾರಾಯ,
ಸೆಳೆತವೇ ಬದಲಾದರೆ ತಕ್ಕಡಿಗೆ ಗೊತ್ತಾಗದು.
ಅದಕ್ಕೆ ಸ್ಪ್ರಿಂಗು ಬೇಕು.

ಲೆಕ್ಕಕ್ಕೆ ಹಿಡಿದಿದ್ದೇನೆ, ಎಂದ, ಕಿವಿ ಕೆಂಪಾಗಿ.
ಏಳನೆಯ ಪುಟ. ಅಡಿಟಿಪ್ಪಣಿ.

ನಾಲ್ಕನೆಯ ರಾತ್ರಿ ನೆಲ ನಡುಗಿತು, ಹನ್ನೊಂದು ಸೆಕೆಂಡು.
ನಮಗದು ಪಕ್ಕದ ಮನೆಯವನ ಕೆಮ್ಮು.
ಅವನು ಮೇಜಿನಡಿಗೆ ಹೋದ. ನಾನು ಕನ್ನಡಿಯ ಬಳಿಗೆ.
ದಿಕ್ಕು ಮತ್ತೆ ಹೊಂದಿಸುವಷ್ಟರಲ್ಲಿ ನಾಲ್ಕು ಗಂಟೆ;
ಅವನ ಕೊನೆಯ ನಕ್ಷತ್ರ, ಭೂಮಿಯಲ್ಲಿ ಕಣ್ಣೇ ಇಲ್ಲದ ಕಾಲದಲ್ಲಿ ಸತ್ತದ್ದು,
ಇನ್ನೂ ಕಾಯುತ್ತಿತ್ತು.

ಬೆಳಗಿನ ಜಾವ ಪರದೆಯ ಮೇಲೆ ಮುನ್ನೂರ ಹನ್ನೆರಡು ಸಾವು,
ಒಂದೊಂದಕ್ಕೂ ಮೇಲೊಂದು ಕೆಳಗೊಂದು ಅನುಮಾನದ ಮೀಸೆ.
ಹಳೆಯ ಗೆರೆಯ ಮೇಲೆ ಸಾಲಾಗಿ ಕೂತಿದ್ದವು, ತಂತಿಯ ಮೇಲೆ ಗುಬ್ಬಿ ಕೂತ ಹಾಗೆ.
ಅವನ ಕೆಂಪು ಗೆರೆ
ತುಸು ಮೇಲೆ, ಖಾಲಿ.

ಸಮಾಧಾನದ ಮಾತು ನನಗೆ ಬಾರದು.
ಹಳೆಯದು ಗೆದ್ದಂತಲ್ಲ, ಅಲ್ಲವೇ? ಎಂದೆ.
ಇಲ್ಲ, ಎಂದ, ಇನ್ನೂ ಸೋತಿಲ್ಲ ಅಷ್ಟೇ.
ಆ ಗಿರಾಕಿಯ ಖಾತೆ ಹಾಗೇ ಇರುತ್ತದೆ, ಸಾಲ ತೀರದೆ.
ಆಮೇಲೆ ತನ್ನ ಕೈಯಾರೆ ಟೈಪು ಮಾಡಿದ:
ಈ ಮಾದರಿಯನ್ನು ಕೈಬಿಡಲಾಗಿದೆ.
ಕರ್ಮಣಿ ಪ್ರಯೋಗ. ಕೈ ಯಾರದೋ ಎಂಬಂತೆ.

ಗುಮ್ಮಟ ಮುಚ್ಚಿದೆ. ಮೇಕೆ ಗಿಣ್ಣಿನ ಕೊನೆಯ ತುಂಡನ್ನು
ಕಣ್ಣಳತೆಯಲ್ಲೇ ಎರಡು ಪಾಲು ಮಾಡಿದೆ.
ಬಸ್ಸಿಗೆ ಕಾಯುತ್ತಾ ಕೇಳಿದ:
ಆ ತಪಾಸಣೆಯವ ಕೊನೆಗೆ ಏನೆಂದ?

ಪ್ಯಾರಿಸಿನಲ್ಲಿ ತೂಗುತ್ತಾರೆ, ಎಂದ.
ಪ್ಯಾರಿಸಿನದನ್ನು?

ಕೇಳಿದ್ದೆ.
ಅಷ್ಟರಲ್ಲಿ ದ್ರಾಕ್ಷಿಯ ಲಾರಿ ಬಂತು.