ನಲವತ್ತನೆಯ ಪ್ರಶ್ನೆ

ಮೂವತ್ತೇಳು ಬರೆದಾಗಿತ್ತು. ಇನ್ನು ಮೂರು ಬೇಕು.
ನಾಳೆ ತಾಲೂಕು ರಸಪ್ರಶ್ನೆ.
ಪ್ರಶ್ನೆ ತೆಗೆಯುವ ಕೆಲಸ ಯಾರಿಗೂ ಬೇಡವಾಗಿ
ನನ್ನ ಕೊರಳಿಗೆ ಬಿದ್ದಿತ್ತು,
ಡ್ರಾಯಿಂಗ್ ಮಾಸ್ತರನಿಗೆ ಮತ್ತೇನು ಕೆಲಸ ಎಂದು.

ಅತಿ ಎತ್ತರದ್ದು, ಅತಿ ಉದ್ದದ್ದು, ಮೊಟ್ಟಮೊದಲು ಹತ್ತಿದವರು,
ಎಲ್ಲ ತೀರಿಹೋಗಿ, ಪೆನ್ನು ಕಿಸೆಗಿಟ್ಟು
ಕಾರವಾರದ ಮೀನುಪೇಟೆಗೆ ನಡೆದೆ.

ಶೆವಂತಿ ತಾಂಡೇಲ ಮೆಟ್ಟುಗತ್ತಿಗೆ
ದೋಡಿ ಮೀನಿನ ತಲೆ ಒತ್ತಿದಳು. ಕಟ್ ಎಂದಿತು.
"ಮಾಸ್ತರ್ರೆ, ಕೈ ಹಿಡೀರಿ."
ಅಂಗೈಗೆ ಬಿದ್ದವು ಎರಡು ಬಿಳಿ ಕಲ್ಲು,
ಹುಣಿಸೆಬೀಜದಷ್ಟು, ಐಸಿನ ತಣ್ಣಗೆ ಇನ್ನೂ ಅಂಟಿಕೊಂಡು.
"ಅದರ ಕಿವಿ."
ಮೀನಿಗೆ ಕಿವಿಯೇ?
"ಇಲ್ಲದಿದ್ರೆ ದೋಣಿ ಬಂದದ್ದು ಹ್ಯಾಗೆ ಗೊತ್ತಾಗ್ತದೆ ಅದಕ್ಕೆ?"

(ಆ ರಾತ್ರಿ ಒಂದನ್ನು ಒರಳಿನ ಅಂಚಿಗೆ ಉಜ್ಜಿ
ಭೂತಗನ್ನಡಿ ಹಿಡಿದೆ. ಕೊಯ್ದ ಮರದಲ್ಲಿರುವಂತೆ
ಬಳೆಯೊಳಗೆ ಬಳೆ. ನಾಲ್ಕು.
ಐದನೆಯದು ಅರ್ಧ.
ಅರ್ಧದಲ್ಲಿ ಬಲೆ.)

ಮೂವತ್ತೆಂಟಾಯಿತು.
ಇಷ್ಟು ಬಲ್ಲವಳೆದುರು ನಾನೂ ಏನಾದರೂ ಬಿಡಬೇಕಲ್ಲ.
"ಈ ಬೊಂಡಾಸಕ್ಕೆ ಹೃದಯ ಮೂರು, ಗೊತ್ತುಂಟೋ?"
"ಒಂದನ್ನೇ ಹೊತ್ತು ತಿರುಗಿ ಸಾಕಾಗಿದೆ ನಂಗೆ."
"ರಕ್ತ ನೀಲಿ."
ಅವಳ ಕೈ ನಿಂತಿತು.
"ಇಪ್ಪತ್ತಾರು ವರ್ಷ ಕೊಯ್ದಿದ್ದೇನೆ ಮಾಸ್ತರ್ರೆ.
ಮಸಿ ಕಂಡಿದ್ದೇನೆ. ನೀಲಿ ಕಂಡಿಲ್ಲ."
ಉಸಿರು ತುಂಬಿದ್ದಾಗ ನೀಲಿ, ಉಸಿರು ಕಳೆದರೆ ಬರೀ ನೀರಿನ ಬಣ್ಣ
ಎಂದು ಪುಸ್ತಕದ ಮುಂದಿನ ಸಾಲಿನಲ್ಲಿತ್ತು.
ಮುಂದಿನ ಸಾಲು ನಾನು ಓದಿರಲಿಲ್ಲ.

ಸೋತವನು ಸುಮ್ಮನಿರುತ್ತಾನೆಯೇ?
ನಿನ್ನ ಸೊಂಟದ ಚಾವಿ, ಕೈ ತೊಳೆವ ಸಾಬೂನು,
ಆಚೆ ಗಾಡಿಯ ಬಟಾಟೆ, ಅನಾನಸು,
ಈ ಮಾತುಗಳೆಲ್ಲ ಪೋರ್ತುಗೀಜರ ಹಡಗಿಂದ ಇಳಿದವು, ಎಂದೆ,
ಶತಮಾನಗಳಾದವು, ಒಂದೂ ಮರಳಿ ಹತ್ತಲಿಲ್ಲ.
"ನಮ್ಮ ನಾದಿನಿಯೂ ಹಾಗೇ,
ಎರಡು ದಿನಕ್ಕೆಂದು ಬಂದವಳು."
ಮೂವತ್ತೊಂಬತ್ತು.

ಚಿಲ್ಲರೆ ಎಣಿಸುವಾಗ ಅವಳ ಹೆಬ್ಬೆರಳ ಉಗುರಲ್ಲಿ
ಒಂದು ಹುರುಪೆ ಮಿನುಗಿತು.
ಚಂದ್ರ ನಮ್ಮಿಂದ ದೂರ ಸರಿಯುವುದು ಹೆಚ್ಚುಕಡಿಮೆ
ಉಗುರು ಬೆಳೆಯುವ ವೇಗದಲ್ಲೇ ಎಂದು
ಹೇಳಹೊರಟವನು ನುಂಗಿಕೊಂಡೆ.
ಈ ಸಲ ಕೇಳಿದ್ದು ಅವಳು:

"ಇವತ್ತು ಭರತ ಬಂದ ಹೊತ್ತಿಗೆ ನಾಳೆ ಬರೋದಿಲ್ಲ.
ಐವತ್ತು ನಿಮಿಷ ತಡ. ನಾಡಿದ್ದು ಮತ್ತೈವತ್ತು.
ಆ ಐವತ್ತು ನಿಮಿಷ ಎಲ್ಲಿ ಹೋಗ್ತದೆ?"

ಮೀನು ಕಟ್ಟಿದ ಕಾಗದದ ಅಂಚಿನಲ್ಲೇ ಕೂಡಿಸಿದೆ.
ಹುಣ್ಣಿಮೆಯಿಂದ ಹುಣ್ಣಿಮೆಗೆ ಹತ್ತಿರಹತ್ತಿರ ಒಂದು ದಿನ!
ಇಡೀ ಒಂದು ದಿನ ನುಂಗಿ ಕೂತಿದೆ ಕಡಲು.
"ಅದಕ್ಕೇ ತಿಂಗಳ ಕೊನೆಗೆ ದುಡ್ಡು ಸಾಲೋದಿಲ್ಲ,"
ಎಂದು ಐಸಿಗೆ ಉಪ್ಪು ಎರಚಿದಳು ಶೆವಂತಿ.

ಮರುದಿನ, ಶಾಲೆಯ ಸಭಾಂಗಣ. ಗಂಟೆ, ಫಲಕ, ಸೀಮೆಸುಣ್ಣ.
ಮೂವತ್ತೊಂಬತ್ತೂ ಪಟಪಟನೆ ಉದುರಿದವು,
ಮೀನಿನ ಕಿವಿಯಂತೂ ಪ್ರಶ್ನೆ ಮುಗಿಯುವ ಮೊದಲೇ.
ನಲವತ್ತನೆಯದಕ್ಕೆ ಫ್ಯಾನಿನ ಸದ್ದು ಕೇಳಿಸಿತು.

ನನ್ನ ಉತ್ತರಪಟ್ಟಿಯಲ್ಲಿ ಇದ್ದದ್ದು ಹೀಗೆ:
ಅಷ್ಟರಲ್ಲಿ ಚಂದ್ರ ತುಸು ಮುಂದೆ ನಡೆದಿರುತ್ತಾನೆ,
ಅವನನ್ನು ಹಿಡಿಯಲು ಭೂಮಿ ಅಷ್ಟು ಹೆಚ್ಚು ತಿರುಗಬೇಕು.

ದೇವಬಾಗದ ರೋಶ್ನಿ ಹರಿಕಂತ್ರ ಎದ್ದು ನಿಂತಳು.
"ಎಲ್ಲೂ ಹೋಗಲ್ಲ ಸರ್.
ಅಳಿವೆ ಹೊರಗೆ ನೀರೇರಲೆಂದು ಅಪ್ಪನ ದೋಣಿ ಕಾಯ್ತದೆ.
ಅಪ್ಪ ಆ ಐವತ್ತು ನಿಮಿಷದಲ್ಲಿ ಬಲೆ ಹೊಲೀತಾರೆ."

ತೀರ್ಪುಗಾರರು ಶಿರಸಿಯವರು. ಘಟ್ಟದ ಮೇಲೆ ಭರತ ಏರುವುದಿಲ್ಲ.
ಸೊನ್ನೆ, ಎಂದರು.
ಪೂರ್ತಿ, ಎಂದೆ.
ಪಟ್ಟಿಯಲ್ಲಿ ಎಲ್ಲಿದೆ, ತೋರಿಸಿ, ಎಂದರು.
ಮುಕ್ಕಾಲಿಗೆ ಇಳಿದೆ. ಕಾಲಿಗೆ ಏರಿದರು.
ಮೀನುಪೇಟೆಯ ಹಾಗೇ ಜಗ್ಗಿ ಜಗ್ಗಿ
ಅರ್ಧಕ್ಕೆ ಕುದುರಿತು.

ಅರ್ಧ ಅಂಕಕ್ಕೆ ಫಲಕದಲ್ಲಿ ಜಾಗವಿರಲಿಲ್ಲ.
ರೋಶ್ನಿಯ ಹೆಸರಿನ ಪಕ್ಕ, ಒತ್ತರಿಸಿ,
ಅರ್ಧ ಬಳೆಯೊಂದನ್ನು ಬರೆದೆ.
ಏನದು ಎಂದು ಯಾರೂ ಕೇಳಲಿಲ್ಲ.
ಡ್ರಾಯಿಂಗ್ ಮಾಸ್ತರನಲ್ಲವೇ.