ಅಲುಗಾಡಬೇಡಿ

ದಿನಕ್ಕೆ ಎಪ್ಪತ್ತು ಎದೆಗಳಿಗೆ ನಾನು ಹೇಳುವುದು ಒಂದೇ ಮಾತು:
ಉಸಿರು ಎಳಕೊಳ್ಳಿ, ಹಿಡೀರಿ, ಅಲುಗಾಡಬೇಡಿ.
ಹೇಳದೆಯೇ ಕೇಳಿದ್ದು ಇದೊಂದೇ,
ಗೇಣುದ್ದವೂ ಇಲ್ಲದ, ಕರಿ ಮೈಗೆ ಅರಿಶಿನ ಸಿಡಿದಂಥ
ಸಲಮ್ಯಾಂಡರ್.

ಮಂಡಿಪೇಟೆಯ ಮೀನಿನಂಗಡಿ ಜಬೀವುಲ್ಲಾ ಮೊದಲೇ ಅಂದಿದ್ದ:
"ನಾಚಿಕೆ ಜಾತಿ ಸರ. ದುಡ್ಡು ನಿಮ್ದು, ಮರ್ಜಿ ಅದ್ರದ್ದು.
ಕಣ್ಣಿಗೆ ಕಾಣೋದು ಬೇಕಂದ್ರೆ ಇಗೋ, ಆಕ್ಸೊಲಾಟಲ್ ಐತೆ,
ಗಾಜಿಗೆ ಮೂತಿ ಹಚ್ಚಿ ನಗ್ತಾ ನಿಂತಿರ್ತದೆ."
ನನಗೆ ಆ ನಗು ಹಿಡಿಸಲಿಲ್ಲ.

ಏಪ್ರಿಲ್ಲಿನ ದಾವಣಗೆರೆ.
ಮಂಡಕ್ಕಿ ಭಟ್ಟಿಯ ಹೊಗೆ ಕಿಟಕಿಗೆ ಬಂದು ಕೂರುವ ಓಣಿ.
ಫ್ರಿಜ್ಜಿನಲ್ಲಿ ಹಾಲಿಗೆ ಜಾಗವಿಲ್ಲ, ಬರೀ ಐಸಿನ ಬಾಟಲಿ,
ಎರಡು ತಾಸಿಗೊಂದು ಅದರ ಪೆಟ್ಟಿಗೆಗೆ.
ಒದ್ದೆ ತೆಂಗಿನ ನಾರು, ಒಡೆದ ಕುಡಿಕೆಯ ಚೂರು,
ಬಚ್ಚಲ ಹಿಂದೆ ಅಗೆದು ತಂದ ಎರೆಹುಳು ಎರಡು.
ಬೆಳಿಗ್ಗೆ ನೋಡಿದರೆ ಹುಳು ಇಲ್ಲ.
ತಿಂದಿತೋ,
ಅವೂ ಅಡಗಿದವೋ.

ನೋಡಲು ಬಂದವರು ನಾರು ನೋಡಿ ಹೋದರು.
ಕಂಟ್ರಾಕ್ಟರ್ ಓಂಕಾರಪ್ಪ ಕನ್ನಡಕ ಒರೆಸಿಕೊಂಡು ಎರಡನೇ ಸಲ ಬಗ್ಗಿದರು.
ಎದುರುಮನೆ ಹಾಲವ್ವ ಅಂದಳು:
"ಖಾಲಿ ಪೆಟ್ಟಿಗೀಗೆ ಇಷ್ಟು ಉಪಚಾರ! ಹೆಂಡ್ತಿಗೆ ಎಂದಾದ್ರು ಮಾಡಿದ್ದೇನಪಾ?"
ಅಡುಗೆಮನೆಯಿಂದ ನಗು ಕೇಳಿತು,
ನಕ್ಕವಳು ಕಾಣಲಿಲ್ಲ.

ಡಾರ್ಕ್ ರೂಮಿನ ಹಳೇ ಕೆಂಪು ಬಲ್ಬು ಮನೆಗೆ ತಂದು
ರಾತ್ರಿ ಎರಡಕ್ಕೆ ಎದ್ದು ಕೂತಿದ್ದೇನೆ.
ಮೂರು ತಿಂಗಳಲ್ಲಿ ನಾಲ್ಕು ಸಲ ಕಂಡದ್ದು, ಲೆಕ್ಕ ಇದೆ.
ಒಮ್ಮೆ ಬಾಲ.
ಒಮ್ಮೆ ಕುಡಿಕೆಯಡಿ ಗಂಟಲಿನ ಮಿಡಿತ, ಅಷ್ಟೇ.
ಒಮ್ಮೆ ಪೂರ್ತಿ: ಹುಳುವಿನತ್ತ ಒಂದು ಕಾಲು ಎತ್ತಿ
ಊರುವುದನ್ನೇ ಮರೆತು ನಿಂತಿತ್ತು.
ನಾಲ್ಕನೆಯದು ನಾರಿನ ಗಂಟೂ ಇರಬಹುದು.

"ನಮ್ಮನೇಲಿ ಸಲಮ್ಯಾಂಡರ್ ಐತೆ" ಎಂದು ಹೇಳಿ
ಮಗಳು ಶಾಲೆಯಿಂದ ಸುಳ್ಳುಬುರುಕಿ ಎನಿಸಿಕೊಂಡು ಬಂದಳು.
ಅದಕ್ಕೇ ಬದಲಿಸಿದ್ದು.
ಕೈ ಒದ್ದೆ ಮಾಡಿಕೊಂಡು ನಾರು ಬಗೆದೆ.
ಅಂಗೈ ಮೇಲೆ ಒಂದು ತಣ್ಣನೆ ತೂಕ,
ಎಕ್ಸ್‌ರೇ ಫಿಲ್ಮಿಗಿಂತ ಹಗುರ,
ತಾನಿಲ್ಲವೆಂದು ನಂಬಿಸಲು ಪಟ್ಟುಹಿಡಿದು ಬಿದ್ದಿತ್ತು.

ಈಗ ಮನೆಯಲ್ಲಿ ಗುಲಾಬಿ ಬಣ್ಣದ್ದು.
ಉಂಡರೆ ನೋಡುತ್ತದೆ, ಜಗಳವಾಡಿದರೆ ನೋಡುತ್ತದೆ,
ತಲೆ ಬಾಚಿಕೊಂಡರೂ.
ಮಗಳ ತರಗತಿ ಅರ್ಧ ಬಂದು ಹೋಯಿತು.
ಹಾಲವ್ವ ದೃಷ್ಟಿ ತೆಗೆದಳು.
ನಾನೂ ನೋಡುತ್ತೇನೆ,
ನೋಡಿ ಮುಗಿಯುತ್ತದೆ.

ನಿನ್ನೆ ಡ್ಯೂಟಿ ಬಿಟ್ಟು ಅಂಗಡಿಗೆ ಹೋದೆ.
ದಾರೀಲೇ ಇತ್ತು, ಬಂದೆ ಅಂದೆ. ದಾರಿಯಲ್ಲಿರಲಿಲ್ಲ.
"ಅದು ಮಾರಿ ಹೋಯ್ತಾ?"
ಜಬೀವುಲ್ಲಾ ಮೂಲೆಯ ಗಾಜಿಗೆ ಕೈ ಮರೆಮಾಡಿ
ಬಹಳ ಹೊತ್ತು ಬಗ್ಗಿದ.
"ಹುಡುಗ ಯಾರಿಗಾದ್ರು ಕೊಟ್ನೋ, ಒಳಗೇ ಐತೋ, ಗೊತ್ತಾಗ್ತಿಲ್ಲ ಸರ.
ನಾನಂತೂ ಹುಳ ಹಾಕ್ತಾ ಇದೀನಿ."

ಅವನ ಪಕ್ಕ ನಾನೂ ಬಗ್ಗಿದೆ.
ಯಾರೂ ಹೇಳಿರಲಿಲ್ಲ,
ಇಬ್ಬರೂ ಉಸಿರು ಹಿಡಿದೆವು.