ಕಡೆ

ಬಾಗಿಲ ಮೇಲಿನ ಹಲಗೆ: ಕಾಂಬೆನ್, ಕಲ್ಲಕ್ಷರದವರು.
ಹಳಗನ್ನಡದಲ್ಲಿ ಕಾಂಬೆನ್ ಅಂದರೆ
'ನಾನು ಕಾಣುತ್ತೇನೆ' ಅಂತ, ಎಂದು ಹೇಳಿದೆ.
ಮುದುಕ ಕನ್ನಡಕ ಹಣೆಗೇರಿಸಿದ.
"ಈಚೆಗೆ ಅದೇ ಕಷ್ಟ. ಬಲಗಣ್ಣಿಗೆ ಪೊರೆ."

ಪೋರ್ಟ್‌ಲೆಂಡಿನ ಗಾಳಿಯಲ್ಲಿ ಉಪ್ಪು, ಬಿಳಿ ಧೂಳು.
ಇಡೀ ದ್ವೀಪ ಒಂದೇ ಬಂಡೆ,
ಅದರಲ್ಲಿ ಅರ್ಧ ಆಗಲೇ ಲಂಡನ್ನಿಗೆ ಹೋಗಿ
ಗೋಡೆಯಾಗಿ ನಿಂತಿದೆ.

ನಾನು ತಂದದ್ದು ಒಂದು ಚೀಟಿ:
ಸುಗುಣಾ ಸೋನ್ಸ್.
ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆಯ ಗುಮಾಸ್ತನ ಮಗಳು,
ವೇಮತ್ತಿನಲ್ಲಿ ಮೂವತ್ತೊಂದು ವರ್ಷ ಸೂಲಗಿತ್ತಿ,
ಸುತ್ತ ಐವತ್ತು ಮೈಲಿಯಲ್ಲಿ ಕನ್ನಡ ಓದಬಲ್ಲ ಇಬ್ಬರಲ್ಲಿ ಒಬ್ಬಳು.
ಇನ್ನೊಬ್ಬಳು ನಾನು.

"ಇದನ್ನು ಕಾರ್ವ್ ಮಾಡಿಕೊಡಿ" ಅಂದೆ.
ಥಟ್ಟನೆ ತಿದ್ದಿದ:
"ಕಾರ್ವ್ ಮಾಡುವುದು ಭಾನುವಾರದ ಕುರಿತೊಡೆಯನ್ನು.
ಹ್ಯೂ ಮಾಡುವುದು ಗಣಿಯೊಳಗೆ, ನನ್ನಪ್ಪ ಮಾಡಿದ, ಬೆನ್ನು ಮುರಿದುಕೊಂಡ.
ಚಿಪ್ ಮಾಡುವವರು ಹೊಸ ಹುಡುಗರು, ಮಾಡಬಾರದ ಕಡೆ.
ಅಕ್ಷರವನ್ನು ನಾವು ಕಟ್ ಮಾಡುತ್ತೇವೆ, ಅಷ್ಟೆ.
ನಿಮ್ಮಲ್ಲಿ ಏನಂತಾರೆ?"

ಏನಂತಾರೆ!
ಕುರಿತೊಡೆಯ ಮುಂದೆ ಚೂರಿ ಹಿಡಿದು ನಿಂತ ಸುಗುಣಾ ಕಂಡಳು.
ಮಾಂಸ ಕೊಯ್ಯಬೇಕು, ಮೀನು ಸೀಳಬೇಕು,
ತೆಂಗು ಹೆರೆಯಬೇಕು, ಹಲಸಾದರೆ ಬಿಡಿಸಬೇಕು,
ಕತ್ತರಿಸುವುದು ಅಂದರೆ ಹೊಕ್ಕುಳಬಳ್ಳಿಯನ್ನು, ಬೇರೇನನ್ನೂ ಅಲ್ಲ.
ಈರುಳ್ಳಿ ಹೆಚ್ಚು ಅಂದರೆ ಚೂರು ಮಾಡು,
ಬರೀ ಹೆಚ್ಚು ಅಂದರೆ ಜಾಸ್ತಿ.
ನಮ್ಮ ಲೆಕ್ಕವೇ ಹೀಗೆ ಮಾರಾಯ್ತಿ, ಎಂದು ನಗುವಳು,
ನಗುವಿಗೋ ಈರುಳ್ಳಿಗೋ ಕಣ್ಣಲ್ಲಿ ನೀರು.

ವಿಗ್ರಹವನ್ನು ಕೆತ್ತುವುದೋ ಕಡೆಯುವುದೋ,
ಇದೊಂದು ಜಗಳ ಮೂರು ಚಳಿಗಾಲ ನಡೆಯಿತು.
ಕಡೆಯುವುದು ಮೊಸರನ್ನು, ನಾನು.
ಬೆಣ್ಣೆ ಕಲ್ಲಲ್ಲೂ ಇರುತ್ತದೆ, ಅವಳು.
ರಾತ್ರಿಪಾಳಿಯ ನಡುವೆ ಫೋನು ಮಾಡಿ
"ಕಡೆದಿಟ್ಟ ಗೊಂಬೆಯಂಥ ಮಗು ಈಗಷ್ಟೇ ಹುಟ್ಟಿತು,
ಕೆತ್ತಿದ ಗೊಂಬೆ ಅಂದು ನೋಡು, ಕಿವಿಗೆ ಚುಚ್ಚುತ್ತದೆ"
ಎಂದು ಇಟ್ಟುಬಿಟ್ಟಳು.

ಕಾಂಬೆನ್‌ಗೆ ನಾಲ್ಕು ಕೊಟ್ಟೆ: ಕೆತ್ತು, ಕೊರೆ, ಕಡೆ, ಕಂಡರಿಸು.
ಕೊನೆಯದನ್ನು ಇನ್ನೊಮ್ಮೆ ಹೇಳಿಸಿಕೊಂಡ.
ಕಂಡು ಅರಿಯುವುದು, ಎಂದು ಬಿಡಿಸಿ ಹೇಳಿದೆ.
ನಿಘಂಟು ಒಪ್ಪಲಿಕ್ಕಿಲ್ಲ. ಅವಳಿದ್ದರೆ ಒಪ್ಪುತ್ತಿದ್ದಳು.

ಚೀಟಿಯನ್ನು ತಿರುಗಿಸಿದ, ಮತ್ತೆ ತಿರುಗಿಸಿದ.
"ಒಂದಾದರೂ ನೇರ ಗೆರೆ ಇಲ್ಲವಲ್ಲ!
ಈ ಟೋಪಿಗಳು ಬೇಕೇ ಬೇಕಾ?"
ಟೋಪಿಯಲ್ಲ, ತಲೆಕಟ್ಟು. ಬೇಕು.
"ಅಕ್ಷರಕ್ಕೆ ಇಪ್ಪತ್ತೆಂಟು ಪೌಂಡು.
ಎಷ್ಟಾಯಿತು, ಐದಾ ಆರಾ?
ಕಡೆಯ ನಕಾರದ ಕೆಳಗೆ ನೇತಾಡುತ್ತಿರುವುದು ಯಾರು?"
ಅದು ಒತ್ತು, ಕಂಕುಳ ಕೂಸಿನ ಹಾಗೆ, ಅಂದೆ.
ಸೀಸದಕಡ್ಡಿ ಕಚ್ಚಿಕೊಂಡು ಕೂತ,
ಲೆಕ್ಕ ಹೇಳಲಿಲ್ಲ.

ಈ ದ್ವೀಪದಲ್ಲಿ ಒಂದು ಪ್ರಾಣಿಯ ಹೆಸರು ಎತ್ತುವಂತಿಲ್ಲ,
ಉದ್ದ ಕಿವಿಯದು.
ಅದು ಬಿಲ ಬಿಟ್ಟು ಓಡಿದರೆ ಗಣಿ ಕುಸಿಯುತ್ತದಂತೆ.
ಹೊರಡುವಾಗ ಹೊಸ್ತಿಲಲ್ಲಿ ಮೆಲ್ಲಗೆ
ಮೊಲ, ಅಂದೆ.
ಕಲ್ಲು ಬೀಳಲಿಲ್ಲ.

ಆರು ವಾರ ಬಿಟ್ಟು ಹೋದೆ.
ಸೋಕಾರದ ಹೊಟ್ಟೆಯೊಳಗೆ ಒಂದು ಸಿಂಪಿಚಿಪ್ಪು ಹಣಕಿತ್ತು,
ಕಲ್ಲು ಇನ್ನೂ ಕಡಲಾಗಿದ್ದಾಗಿನದು.
ತುಂಬಿಸಲೇ, ಕೇಳಿದ. ಬೇಡ, ಅಂದೆ.
ಬೆರಳಾಡಿಸಿದೆ:
ಎಲ್ಲೂ ಉಳಿ ನಿಂತ ಗುರುತಿಲ್ಲ,
ಸುತ್ತಿ ಸುತ್ತಿ, ಒಳಗಿನಿಂದಲೇ ತಿರುವಿ ತೆಗೆದಂತೆ.
ಮುಂಗೈಗೆ ಬಿಳಿ ನುಣುಪು ಹತ್ತಿತು.

ಆಯಿತು ಮಾರಾಯ್ತಿ, ಕಡೆಯುವುದೇ.

ಕಾಂಬೆನ್ ಒಳಗೆ ಹೋಗಿ
ಎಡಗಣ್ಣಿಗೆ ಹತ್ತಿರ ಹಿಡಿದು ರಸೀದಿ ಬರೆದ:
ಐದು ಅಕ್ಷರ.
ಕೂಸಿಗೆ ಟಿಕೆಟ್ಟಿಲ್ಲ.